ಜೋಡಿಯಲ್ಲದ ಆಕ್ಸಲ್

ಜೋಗುಪಾಳ್ಯ
೧೪ ನವೆಂಬರ್ ೨೦೦೨

ನಜೀರನಿಗೆ ಪೀರಪ್ಪನ ನಮಸ್ಕಾರ, ಸಲಾಮು ಎರಡೂ.

ಈ ಕಾಗದವನ್ನು ಹರಿಯುವುದಾದರೆ ಪೂರ್ತಿ ಓದಿ ಆಮೇಲೆ ಹರಿ. ನಿನ್ನದು ರೋಜಾ ತಿಂಗಳು, ಬೈಯುವ ಹಾಗಿಲ್ಲ. ಅದಕ್ಕೇ ಈಗ ಬರೆಸುತ್ತಿದ್ದಾನೆ ಕಳ್ಳ ಅಂತ ಅಂದುಕೊಂಡರೂ ಪರವಾಗಿಲ್ಲ. ಆರು ವರ್ಷ ಹತ್ತು ತಿಂಗಳು ಬಾಯಿ ಮುಚ್ಚಿಕೊಂಡಿದ್ದೆ. ನೀನು ಸುಮ್ಮನಿದ್ದಿದ್ದರೆ ಹಾಗೇ ಸಾಯುತ್ತಿದ್ದೆ. ಸುಮ್ಮನಿರಲಿಲ್ಲ ನೀನು.

ಸೋಮವಾರ ಚಿಂತಾಮಣಿಯ ಟೊಮೇಟೊ ಲಾರಿಯವನು ಕೆ.ಆರ್. ಪುರದಲ್ಲಿ ಮಾಲು ಇಳಿಸಿ ಸೀದಾ ನನ್ನ ಶೆಡ್ಡಿಗೆ ಬಂದ. "ತಾತ, ನಿಮಗೊಂದು ಸಾಮಾನು ಐತೆ, ನಾಕು ಜನ ಕರೀರಿ" ಅಂದ. ನಾನು ಯಾವ ಸಾಮಾನೂ ತರೋಕೆ ಹೇಳಿಲ್ಲ ಹೋಗಯ್ಯ ಅಂತ ರೇಗಿದೆ. ಅವನು ಜಗ್ಗಲಿಲ್ಲ. ಖಾಲಿ ಕ್ರೇಟುಗಳನ್ನು ಸರಿಸಿ ತೋರಿಸಿದ. ಮುಂದಿನ ಆಕ್ಸಲ್. ಎರಡು ಚಕ್ರವೂ ಜೊತೆಗೇ. ಕೈಯಿಟ್ಟ ತಕ್ಷಣ ಗೊತ್ತಾಯಿತು, ಕರ್ನಲ್ ಸಾಹೇಬರ ಯುದ್ಧಕಾಲದ ಡಾಡ್ಜ್ ಲಾರಿಗೆ ಸೇರುವಂಥದ್ದು ಅಂತ. ಅದಕ್ಕೆ ಕಟ್ಟಿದ್ದ ಚೀಟಿಯನ್ನು ಅವನೇ ಓದಿ ಹೇಳಿದ: "ಎಣಿಸಿದ್ದೀನಿ. ನೀನೂ ಎಣಿಸ್ಕೋ. ನಜೀರ್."

ನನ್ನ ಎರಡು ಕಣ್ಣಿಗೂ ಪೊರೆ ಬಂದಿದೆ, ಸುತ್ತು ಎಣಿಸಲು ಎಳೆಯುವ ಸೀಮೆಸುಣ್ಣದ ಗೆರೆ ಕಾಣುವುದಿಲ್ಲ. ಒಂದು ಕಡೆಯ ಚಕ್ರಕ್ಕೆ ಕಲ್ಲು ಕೊಟ್ಟು ಅಲ್ಲಾಡದ ಹಾಗೆ ಮಾಡಿದೆ. ಇನ್ನೊಂದನ್ನು ಜಾಕಿಯಲ್ಲಿ ಎತ್ತಿ, ಚಕ್ರಕ್ಕೊಂದು, ಇಂಜಿನ್ ಕಡೆಯಿಂದ ಬರುವ ಶಾಫ್ಟ್ ಸೇರುವ ಮೂತಿಗೊಂದು ಬಟ್ಟೆ ಚೂರು ಕಟ್ಟಿದೆ. ಬಲಗೈಯಿಂದ ಚಕ್ರವನ್ನು ಎರಡು ಸುತ್ತು ತಿರುಗಿಸಿದೆ. ಮೂತಿಯ ಬಟ್ಟೆ ಎಡಗೈ ಬೆರಳಿಗೆ ಎಷ್ಟು ಸಲ ತಗಲಿತು ಅಂತ ಎಣಿಸಿದೆ. ಐದು ಸಲ ತಗಲಿ, ಆರನೆಯದಕ್ಕೆ ಒಂದು ಚೂರು ಬಾಕಿ ಇತ್ತು. ಹಿಂದಿನ ಆಕ್ಸಲ್ಲಿನ ಲೆಕ್ಕವೂ ಅದೇ. ಮುಂದಿನದೂ ಹಿಂದಿನದೂ ಒಂದೇ ಲೆಕ್ಕಕ್ಕೆ ತಿರುಗುವ ಸರಿಯಾದ ಜೋಡಿ. ನಾಲ್ಕು ಸಲ ಎಣಿಸಿದೆ ಕಣೋ. ಒಂದು ಸಲಕ್ಕೆ ಒಂದು ಬೀಡಿ ಸೇದುವಷ್ಟು ಹೊತ್ತೂ ಹಿಡಿಯಲಿಲ್ಲ. ಅಷ್ಟೇ ಕೆಲಸವನ್ನು ನಾನು ಆವತ್ತು ಮಾಡಲಿಲ್ಲ.

ನಿನಗೆ ಗೊತ್ತಿರುವುದನ್ನೇ ಯಾಕೆ ಹೇಳುತ್ತಾನೆ ಮುದುಕ ಅನ್ನಬೇಡ. ಇದು ಕಾಗದದ ಮೇಲೆ ಬರಬೇಕು, ಅದಕ್ಕೇ ಹೇಳುತ್ತಿದ್ದೇನೆ.

ತೊಂಬತ್ತಾರರ ಜನವರಿ. ಇಪ್ಪತ್ತಾರನೇ ತಾರೀಖಿನ ಹಳೇ ಗಾಡಿಗಳ ಮೆರವಣಿಗೆಗೆ ನಾಲ್ಕು ದಿನ ಬಾಕಿ. ಲಾರಿಗೆ ಮುಂದಿನ ಆಕ್ಸಲ್ಲೇ ಇರಲಿಲ್ಲ. ಶಿವಾಜಿನಗರದ ಗುಜರಿಯಲ್ಲಿ ಒಂದು ವರ್ಷ ತಡಕಿ ನೀನೇ ಎಲ್ಲಿಂದಲೋ ಒಂದು ತಂದೆ. ಅದೇ ಆಕಾರ, ಅದೇ ಐದು ಬೋಲ್ಟು. ನಮ್ಮ ಚಕ್ರ ಹೇಳಿ ಮಾಡಿಸಿದ ಹಾಗೆ ಕೂತಿತು. ಚಕ್ರ ಕೂತರೆ ಜೋಡಿ ಆಯಿತು ಅಂತ ನಾನು ಎದ್ದುಬಿಟ್ಟೆ. ಆಗ ನೀನು, ಕರ್ನಲ್ ಸಾಹೇಬರ ಎದುರಿಗೇ, "ಒಳಗಿನ ಗೇರಿನ ಹಲ್ಲು ಬೇರೆ ಇರ್ತದೆ ಪೀರಣ್ಣ, ನಾನು ಎಣಿಸಿಲ್ಲ, ನೀನು ಎಣಿಸ್ಕೋ" ಅಂದೆ.

ಸಾಹೇಬರು ನನ್ನ ಮುಖ ನೋಡಿದರು. ಅದೇ ನನ್ನನ್ನು ಕೆಡಿಸಿದ್ದು. "ನಲವತ್ತು ವರ್ಷ ಮಿಲಿಟರಿ ಗಾಡಿ ಕೆಳಗೆ ಮಲಗಿದೋನು ನಾನು. ಗುಜರಿಯೋನ ಹತ್ರ ಪಾಠ ಹೇಳಿಸ್ಕೋಬೇಕಾ?" ಅಂದೆ. ನೀನು ನಕ್ಕೆ. "ಮಲಗಿದ್ದೆ ಸರಿ, ಎದ್ದಿದ್ದು ಯಾವಾಗ?" ಅಂದೆ. ಸಾಹೇಬರೂ ನಕ್ಕುಬಿಟ್ಟರು. ಎಣಿಸಲೇಬಾರದು ಅಂತ ನಾನು ಹಟ ಹಿಡಿದದ್ದು ಆ ನಗುವಿಗೆ. ನೀನು ಹೋದಮೇಲೆ ಮುನಿಶಾಮಿ ಸ್ಪ್ಯಾನರ್ ಕೊಡುತ್ತಾ, "ಭಾವ, ಎಣಿಸಿದ್ರಾ?" ಅಂತ ಕೇಳಿದ. ಹೂಂ, ಎಣಿಸಾಯ್ತು, ಸರಿಯಾಗಿದೆ ಅಂದೆ. ನನ್ನ ತಂಗಿಯ ಗಂಡ. ನಾನು ಹೇಳಿದ್ದನ್ನು ಯಾವತ್ತೂ ಇನ್ನೊಂದು ಸಲ ಕೇಳಿದವನಲ್ಲ.

ಇಪ್ಪತ್ತೈದನೇ ತಾರೀಖು, ಪುಲಿಕೇಶಿನಗರದಲ್ಲಿ ಸಾಹೇಬರ ಬಂಗಲೆಯ ಹಿಂದಿನ ಏರು. ಸಾಹೇಬರು ನೋಡಲಿ ಅಂತ ನಾಲ್ಕು ಚಕ್ರಕ್ಕೂ ಗೇರು ಹಾಕಿ ಹತ್ತಿಸಿದೆ. ಮುಂದಿನ ಚಕ್ರಗಳಿಗೆ ಒಂದು ಓಟ, ಹಿಂದಿನವಕ್ಕೆ ಇನ್ನೊಂದು ಓಟ. ಟಾರು ರಸ್ತೆಯಲ್ಲಿ ಜಾರಲು ಜಾಗವಿಲ್ಲದೆ ಅವು ಒಂದನ್ನೊಂದು ಎಳೆದಾಡಿದವು. ಲಾರಿ ನರಳಿತು, ಅರ್ಧ ಏರಿನಲ್ಲಿ ನಿಂತಿತು. ಮುಂದಿನ ಗೇರು ಬಿಡಿಸಿ, ಹ್ಯಾಂಡ್ ಬ್ರೇಕ್ ಎಳೆದು ಕೆಳಗಿಳಿದೆ. ಆ ಲಾರಿಯ ಹ್ಯಾಂಡ್ ಬ್ರೇಕು ಚಕ್ರವನ್ನು ಹಿಡಿಯುವುದಿಲ್ಲ, ಹಿಂದಿನ ಶಾಫ್ಟನ್ನು ಹಿಡಿಯುತ್ತದೆ. ಆ ಶಾಫ್ಟಿನ ಕೀಲು ಎಳೆದಾಟದಲ್ಲಿ ಆಗಲೇ ಬಿರುಕು ಬಿಟ್ಟಿತ್ತು. ಮುನಿಶಾಮಿ ಹಿಂದಿನ ಚಕ್ರಕ್ಕೆ ಕಲ್ಲು ಕೊಡಲು ಬಗ್ಗಿದ. ಕೀಲು ತುಂಡಾದ ಸದ್ದು ಸಣ್ಣದೇ, ತೆಂಗಿನಕಾಯಿ ಒಡೆದಷ್ಟು. ಲಾರಿ ಹಿಂದಕ್ಕೆ ಹೊರಟಿತು.

ಮೂರನೇ ದಿನ ನೀನು ನಮ್ಮ ಮನೆಗೆ ಬಂದೆ. ಟೋಪಿ ಕೈಯಲ್ಲಿ ಹಿಡಿದು ಬಾಗಿಲಲ್ಲಿ ನಿಂತಿದ್ದೆ. ಬೀದಿಯವರೆಲ್ಲ ಕೂತಿದ್ದರು. ಹೆಂಗಾಯ್ತು ಪೀರಪ್ಪ ಅಂತ ಯಾರೋ ಕೇಳಿದರು. ನಾನು ಕೈ ಎತ್ತಿ ನಿನ್ನನ್ನು ತೋರಿಸಿದೆ. "ಇವನು ಜೋಡಿ ಅಂತ ಆಣೆ ಮಾಡಿ ಕೊಟ್ಟ, ನಂಬಿ ಹಾಕ್ದೆ" ಅಂದೆ. ತಂಗಿ ಆಂಜನಮ್ಮ ಎದ್ದು ಬಂದು ಅಂಗಳದ ಮಣ್ಣು ಬಾಚಿ ನಿನ್ನ ಮುಖಕ್ಕೆ ಎರಚಿದಳು. ನೀನು ಬಾಯಿ ತೆರೆದೆ. ಅವಳನ್ನು ನೋಡಿದೆ. ಮುಚ್ಚಿಕೊಂಡು ಹೊರಟೆ. ಆ ಬೆನ್ನನ್ನು ನಾನು ಈಗಲೂ ನೋಡುತ್ತೇನೆ, ಕಣ್ಣು ಕಾಣದಿದ್ದರೂ.

ಆಮೇಲೆ ಗುಜರಿ ಬೀದಿಯಲ್ಲಿ ನಿನ್ನ ಹತ್ತಿರ ಒಂದು ನಟ್ಟು ಕೊಳ್ಳಲೂ ಜನ ಹೆದರಿದರು, ಕೊಲೆಗಾರನ ಸಾಮಾನು ಅಂದರು. ಅದು ನನ್ನ ಕಿವಿಗೂ ಬಿತ್ತು. ಒಬ್ಬನನ್ನೂ ತಡೆದು ಇಲ್ಲ ಅನ್ನಲಿಲ್ಲ. ಅಪ್ಪನ ಕಾಲದ ಅಂಗಡಿ ಮುಚ್ಚಿ ನೀನು ಹೆಂಡತಿಯ ಊರು ಚಿಂತಾಮಣಿಗೆ ಹೋದೆ ಅಂತ ಕೇಳಿದ ದಿನ ನಾನು ಹೊಟ್ಟೆ ತುಂಬ ಉಂಡೆ. ಇನ್ನು ಎದುರಿಗೆ ಸಿಗುವುದಿಲ್ಲ ಅಂತ.

ಇಲ್ಲಿ ಬರೆಯುವ ಕೈ ನಿಂತಿದೆ. ಮುನಿಶಾಮಿ ಕೇಳಿದ ಮಾತು ಬರೆಸುವಾಗಲೇ ಒಂದು ಸಲ ನಿಂತಿತ್ತು. ಬರಿ, ನಿಲ್ಲಿಸಬೇಡ ಅಂದಿದ್ದೆ.

ನಜೀರ್, ಈ ಕಾಗದ ಬರೆಯುತ್ತಿರುವುದು ಆಂಜನಮ್ಮ. ಪಕ್ಕದ ಮನೆಯ ಹುಡುಗಿ ಬರೆದುಕೊಡುತ್ತೇನೆ ಅಂದಿದ್ದಳು. ಬೇಡ ಅಂದೆ. ಇವಳನ್ನು ಕೂರಿಸಿಕೊಂಡು "ನಿನ್ನ ಗಂಡನ್ನ ಕೊಂದಿದ್ದು ನಾನು ಕಣೇ" ಅನ್ನಲು ನನಗೆ ಬಾಯಿ ಬರಲಿಲ್ಲ. ನಿನಗೆ ಹೇಳುವುದಾದರೆ ಬರುತ್ತದೆ ಅಂತ ಹೀಗೆ ಮಾಡಿದೆ. ಇದೂ ಹೇಡಿ ಕೆಲಸವೇ.

ಕ್ಷಮಿಸು ಅಂತ ಕೇಳುವುದಿಲ್ಲ, ಕೇಳಿದರೆ ನೀನು ಕ್ಷಮಿಸಿಬಿಡುತ್ತೀಯ. ಆ ಆಕ್ಸಲ್ ಯಾಕೆ ಕಳಿಸಿದೆ ಅಂತ ಮಾತ್ರ ಹೇಳು. ಇಷ್ಟು ವರ್ಷವೂ ಅದನ್ನು ಹುಡುಕುತ್ತಿದ್ದೆಯಾ? ಸಾಹೇಬರು ಹೋದ ವರ್ಷ ತೀರಿಕೊಂಡರು. ಲಾರಿ ಬಂಗಲೆಯ ಹಿಂದೆ ಇಟ್ಟಿಗೆಯ ಮೇಲೆ ನಿಂತಿದೆ. ಅದನ್ನು ಓಡಿಸುವವರು ಯಾರೂ ಇಲ್ಲ. ಗುಜರಿ ಬೀದಿಯಲ್ಲಿ ಎಷ್ಟು ಜನ ಉಳಿದಿದ್ದಾರೋ, ಅಂಗಡಿ ಅಂಗಡಿಗೂ ಹೋಗಿ ಇದನ್ನು ನನ್ನ ಬಾಯಿಂದಲೇ ಹೇಳುತ್ತೇನೆ. ನಾಳೆ ಶುಕ್ರವಾರ, ಎಲ್ಲರೂ ಸಿಗುತ್ತಾರೆ. ಹೊಡೆದರೆ ಹೊಡೆಯಲಿ.

ಸಹಿಯನ್ನು ಮಾತ್ರ ನಾನೇ ಹಾಕುತ್ತಿದ್ದೇನೆ. ಗೆರೆ ತಪ್ಪಿದ್ದರೆ ತಿದ್ದಿಕೋ.

ಪೀರಪ್ಪ

ಹಿಂಬರಹ:

ನಜೀರಣ್ಣನವರಿಗೆ ಆಂಜನಮ್ಮ ಮಾಡುವ ನಮಸ್ಕಾರಗಳು. ಅಣ್ಣ ಸಹಿ ಹಾಕಿ ಎದ್ದು ಹೋದ. ಇದನ್ನು ನಾನೇ ಸೇರಿಸುತ್ತಿದ್ದೇನೆ, ಅವನಿಗೆ ಓದಿ ಹೇಳುವುದಿಲ್ಲ.

ಆವತ್ತು ನೀವು ಬಾಯಿ ತೆರೆದದ್ದು ನನಗೂ ಕಂಡಿತ್ತು. ತಪ್ಪು ಮಾಡಿದವರಿಗೆ ಮಾತು ಬರುವುದಿಲ್ಲ ಅಂದುಕೊಂಡಿದ್ದೆ. ನೀವು ನಿಜ ಹೇಳಿದ್ದರೆ ನಾನು ಆ ಹೊತ್ತಿಗೇ ಈ ಮನೆ ಬಿಟ್ಟು ಹೋಗುತ್ತಿದ್ದೆ. ಎರಡು ಹೆಣ್ಣುಮಕ್ಕಳನ್ನು ಕಟ್ಟಿಕೊಂಡು ಹೋಗಲು ನನಗೆ ಬೇರೆ ಮನೆ ಇರಲಿಲ್ಲ. ಅದು ನಿಮಗೆ ಗೊತ್ತಿತ್ತು ಅಂತ ಇವತ್ತು ತಿಳಿಯಿತು. ದೊಡ್ಡವಳ ಮದುವೆಯನ್ನು ಅಣ್ಣನೇ ನಿಂತು ಮಾಡಿದ. ಚಿಕ್ಕವಳು ಇವನ ಊಟ ತಿಂದುಕೊಂಡೇ ಹತ್ತನೇ ಕ್ಲಾಸು ಓದುತ್ತಿದ್ದಾಳೆ.

ನಾನು ಎರಚಿದ ಮಣ್ಣಿಗೆ ಏನು ಹೇಳಬೇಕೋ ಗೊತ್ತಾಗುತ್ತಿಲ್ಲ. ಕಾಗದವನ್ನು ನಾನೇ ಹೋಗಿ ಡಬ್ಬಕ್ಕೆ ಹಾಕುತ್ತೇನೆ. ನಾಳೆ ಅಂಗಡಿ ಬೀದಿಗೂ ಅವನ ಜೊತೆ ಹೋಗುತ್ತೇನೆ. ಕೈ ಹಿಡಿದು ಕರೆದುಕೊಂಡು ಹೋಗುವುದಕ್ಕಲ್ಲ, ಒಂದು ಅಂಗಡಿಯನ್ನೂ ಬಿಡದ ಹಾಗೆ ನೋಡಿಕೊಳ್ಳುವುದಕ್ಕೆ.

ಈಗ ಹಿತ್ತಲಲ್ಲಿ ಅವನು ಕೈ ತೊಳೆಯುವ ಸದ್ದು ಕೇಳುತ್ತಿದೆ. ಊಟದ ಹೊತ್ತಾಯಿತು. ತಟ್ಟೆ ಹಾಕಿದ್ದೇನೆ. ಬಡಿಸಲು ಕೈ ಬರುತ್ತಿಲ್ಲ.