ದಿನಕ್ಕೆ ಮುನ್ನೂರು ಬಾಣ

ಜನವರಿ 6, ಬೆಳಿಗ್ಗೆ 9.10
ಹರಿಹರದ ಗ್ರೌಂಡಿನಲ್ಲಿ ಪ್ರಾಕ್ಟೀಸ್ ಮುಗಿಸಿ ವಾಪಸ್, ಬಸ್ಸಿನಲ್ಲಿ. ಇವತ್ತು ಇನ್ನೂರು ಬಾಣ. ಕೋಚ್ ಹನುಮೇಶ್ ಸರ್‌ಗೆ ಅದೂ ಕಡಿಮೆ. ಫೆಬ್ರವರಿ 7ಕ್ಕೆ ಸ್ಟೇಟ್ ಸೆಲೆಕ್ಷನ್, ಅಷ್ಟರೊಳಗೆ ದಿನಕ್ಕೆ ಮುನ್ನೂರು ಆಗಬೇಕಂತೆ. ಹೋದ ತಿಂಗಳಷ್ಟೇ ಎಳೆಯಲು ಮೂವತ್ತು ಪೌಂಡಿನ ಬಲ ಬೇಕಾದ ಬಿಲ್ಲು ಬಿಡಿಸಿ ಮೂವತ್ತೆಂಟರದ್ದು ಕೊಟ್ಟಿದ್ದಾರೆ. ಬಲಭುಜ ಉರಿಯುತ್ತಿದೆ. ಉರಿಯಲಿ. ಮಧ್ಯಾಹ್ನ ಎರಡಕ್ಕೆ ನಮ್ಮೂರ ಪಕ್ಕದ ಕರೂರಿನ ಫ್ಯಾಕ್ಟರಿಯಲ್ಲಿ ಶಿಫ್ಟ್.

ಜನವರಿ 9
ಬಾಚಣಿಗೆ ಹಿಡಿದ ಕೈ ಕಿವಿಯಿಂದ ಮೇಲೆ ಹೋಗಲಿಲ್ಲ. ಅವ್ವನೇ ಜಡೆ ಹಾಕಿದಳು.
"ಇಪ್ಪತ್ನಾಲ್ಕು ವರ್ಷದಾಕಿಗೆ ನಾನು ಜಡೆ ಹಾಕಬೇಕಾ ಲತಾ? ಏನಾಗೈತೆ ಭುಜಕ್ಕೆ?"
ಏನಿಲ್ಲ ಅಂದೆ.
"ಸುಳ್ಳು ಹೇಳಬ್ಯಾಡ."

ಜನವರಿ 10
ವಿದ್ಯಾನಗರದ ಕ್ಲಿನಿಕ್. ಫಿಸಿಯೋ ಹಜೀರಾಬೀ ಮೇಡಂ ಕೈ ಎತ್ತಿ, ತಿರುಗಿಸಿ ನೋಡಿದರು. ಭುಜದೊಳಗಿನ ನರಗಳಲ್ಲ, ಸ್ನಾಯು ಎಲುಬಿಗೆ ಅಂಟುವ ಜಾಗ ಬಾತಿದೆಯಂತೆ.
"ಬಿದ್ದಿಲ್ಲ, ಪೆಟ್ಟಾಗಿಲ್ಲ. ಮತ್ತೆ ಹೆಂಗೆ ಮೇಡಂ?"
"ಬೀಳೋದೇ ಬ್ಯಾಡ. ಒಂದೇ ಎಳೆತ ದಿನಾ ಇನ್ನೂರು ಸಲ, ಅದೂ ಭಾರದ ಬಿಲ್ಲು. ಮೂರು ವಾರ ಮುಟ್ಟಬ್ಯಾಡ್ರಿ."
ಸೆಲೆಕ್ಷನ್ ಇದೆ ಅಂದೆ.
"ಭುಜ ಯಾವುದಕ್ಕೆ ಬೇಕ್ರಿ ನಿಮಗೆ? ಈ ವರ್ಷಕ್ಕಾ, ಮುಂದಿನ ಹತ್ತು ವರ್ಷಕ್ಕಾ?"
ಎಳೆಯುವ ರಬ್ಬರ್ ಬ್ಯಾಂಡ್ ಕೊಟ್ಟು ವ್ಯಾಯಾಮ ಹೇಳಿಕೊಟ್ಟರು. ಮೂರು ವಾರವಂತೆ... ಯಾರು ಕೇಳುತ್ತಾರೆ.

ಜನವರಿ 12
ಆದರೂ ಗ್ರೌಂಡಿಗೆ ಹೋದೆ. ನಲವತ್ತನೆಯ ಬಾಣಕ್ಕೆ ಭುಜದಲ್ಲಿ ಚಳುಕು. ಬೆರಳು ತಾನಾಗಿಯೇ ಬಿಟ್ಟಿತು. ಬಾಣ ಟಾರ್ಗೆಟ್ ಮುಟ್ಟದೆ ನೆಲಕ್ಕೆ. ಫಿಸಿಯೋ ಹೇಳಿದ್ದನ್ನು ಸರ್‌ಗೆ ಹೇಳಿದೆ.
"ನೋವು ತಿಂದೋರೇ ಮೆಡಲ್ ತಗೊಳ್ಳೋದು," ಅಂದರು ಸರ್.
ತಿಂದದ್ದು ಸಾಕು.

ಜನವರಿ 21
ಒಂಬತ್ತು ದಿನ ಬಿಲ್ಲು ಮುಟ್ಟಿಲ್ಲ. ಇವತ್ತು ಸುಮ್ಮನೆ ನೋಡಲು ಗ್ರೌಂಡಿಗೆ ಹೋಗಿದ್ದೆ. ಒಂಬತ್ತನೇ ಕ್ಲಾಸಿನ ರಶ್ಮಿತಾ. ಕೈಯಲ್ಲಿ ನಾನು ಬಿಟ್ಟ ಮೂವತ್ತು ಪೌಂಡಿನ ಬಿಲ್ಲು. ಪ್ರತಿ ಸಲ ಭುಜವನ್ನು ಕಿವಿಯವರೆಗೆ ಎತ್ತಿ ಎಳೆಯುತ್ತಾಳೆ, ಬಾಣ ಬಿಟ್ಟ ಮೇಲೆ ಉಜ್ಜಿಕೊಳ್ಳುತ್ತಾಳೆ. ನೋಯುತ್ತಾ ಎಂದು ಕೇಳಿದೆ.
"ಸರ್‌ಗೆ ಹೇಳಬ್ಯಾಡ್ರಿ ಅಕ್ಕಾ."
ಬಿಲ್ಲು ಕಿತ್ತುಕೊಂಡೆ. ಸರ್ ಬಂದರು.
"ನೀನೇನು ಕೋಚಾ?"
"ಅಲ್ಲ ಸರ್. ಇವಳಿಗೆ ಭುಜ ನೋಯ್ತೈತೆ. ಇವತ್ತು ಹೊಡೆಯಲ್ಲ."
"ಹಂಗಾದ್ರೆ ನಿನ್ನ ಹೆಸರೂ ಸೆಲೆಕ್ಷನ್‌ಗೆ ಹೋಗಲ್ಲ."
"ಕಳಿಸಬ್ಯಾಡ್ರಿ."
ಬಿಲ್ಲು ಕೊಡಲಿಲ್ಲ.

ಫೆಬ್ರವರಿ 4
ಫ್ಯಾಕ್ಟರಿ ಹಿಂದಿನ ಖಾಲಿ ಜಾಗ. ಎರವಲು ತಂದ ಇಪ್ಪತ್ನಾಲ್ಕು ಪೌಂಡಿನ ಬಿಲ್ಲು. ಮೊದಲು ಹತ್ತು ನಿಮಿಷ ವಾರ್ಮ್ ಅಪ್, ಆಮೇಲೆ ಬ್ಯಾಂಡ್, ಆಮೇಲೆ ಮೂವತ್ತೇ ಬಾಣ. ಮೂವತ್ತೊಂದನೆಯದಕ್ಕೆ ಕೈ ತುಡಿಯಿತು. ಹೊಡೆಯಲಿಲ್ಲ. ನೋವಿಲ್ಲ.

ಫೆಬ್ರವರಿ 7, ರಾತ್ರಿ ಊಟಕ್ಕೆ ಮೊದಲು
ಸೆಲೆಕ್ಷನ್ ಇವತ್ತು. ನಾನು ಶಿಫ್ಟ್‌ನಲ್ಲಿ. ಹೊಟ್ಟೆ ಉರಿಯಿತು, ಸುಳ್ಳೇಕೆ. ಸಂಜೆ ಸರ್ ಫೋನ್ ಮಾಡಿದರು. ನಮ್ಮ ಗ್ರೌಂಡಿನಿಂದ ಹೋದ ಮೂವರಲ್ಲಿ ಇಬ್ಬರು ಭುಜ ಹಿಡಿದುಕೊಂಡು ಮಧ್ಯದಲ್ಲೇ ನಿಲ್ಲಿಸಿದರಂತೆ.
"ಆ ಫಿಸಿಯೋ ನಂಬರ್ ಐತಾ?"
ನಂಬರ್ ಯಾಕೆ, ಬರುವ ಭಾನುವಾರ ಅವರನ್ನೇ ಗ್ರೌಂಡಿಗೆ ಕರೆತರುತ್ತೇನೆ ಅಂದೆ. ಯಾರಿಗೆ ಎಷ್ಟು ಬಾಣ ಅಂತ ಅವರು ಹೇಳಲಿ. ನೀವೂ ಮಕ್ಕಳ ಜೊತೆ ನಿಂತು ಕೇಳಬೇಕು ಅಂದೆ.
"ಎಷ್ಟು ಗಂಟೆಗೆ?" ಅಂದರು ಸರ್.
ಬೆಳಿಗ್ಗೆ ಆರಕ್ಕೆ ಅಂದೆ. ಇನ್ನೂ ಒಂದು ಹೇಳಿದೆ... ರಶ್ಮಿತಾಳ ಬಿಲ್ಲು ನಾನೇ ಆರಿಸುವುದು, ಇಪ್ಪತ್ತು ಪೌಂಡಿಗಿಂತ ಹೆಚ್ಚಿನದಲ್ಲ. ಅವ್ವ ಊಟಕ್ಕೆ ಕರೆಯುತ್ತಿದ್ದಾಳೆ.