ಗಂಟೆ ಬೆಟ್ಟ ಹತ್ತಿದ ಸುದ್ದಿ

ಮಾವನವರಿಗೆ, ನಿಮ್ಮ ಸೊಸೆ ರೂಪಾ ಮಾಡುವ ನಮಸ್ಕಾರಗಳು.

ಪತ್ರದಲ್ಲಿ ಮೊದಲು ಕ್ಷೇಮ ಕೇಳುವುದು ರೂಢಿ. ನಿಮ್ಮ ಕ್ಷೇಮ ಹೇಗೆ ಕೇಳಬೇಕೋ ತಿಳಿಯದೆ ಸೀದಾ ಸುದ್ದಿಗೇ ಬರುತ್ತೇನೆ. ನೀವಿದ್ದಾಗಲೂ ಹೀಗೇ ಅಲ್ಲವೇ? ನಾನು ಘಟಪ್ರಭಾದ ಆಸ್ಪತ್ರೆಯಲ್ಲಿ ಲ್ಯಾಬ್ ಕೆಲಸ ಮುಗಿಸಿ, ಮೂಡಲಗಿ ಬಸ್ಸಿನಲ್ಲಿ ಕೂತು, ವಿಡಿಯೋ ಗೇಮ್ ಲೋಕದ ಸುದ್ದಿಯನ್ನೆಲ್ಲ ಮೊಬೈಲಿನಲ್ಲಿ ಓದಿಕೊಂಡು ಬರುತ್ತಿದ್ದೆ. ನೀವು ತೂಗುಮಂಚದಲ್ಲಿ ಚಹಾದ ಬಸಿ ಹಿಡಿದು, "ಏನಂತ ಇವತ್ತ ಪೇಟಿ?" ಎನ್ನುತ್ತಿದ್ದಿರಿ. ಜೀವನವಿಡೀ ಬೆಲ್ಲದ ದಲಾಲಿ ಮಾಡಿದವರಿಗೆ ಯಾವುದಾದರೂ ಪೇಟೆಯೇ. ನೀವು ಹೋದ ಕಾರ್ತಿಕದಿಂದ ಈಚೆಗೆ ಸುದ್ದಿ ಕೂಡಿಟ್ಟು ಕೂಡಿಟ್ಟು ನನ್ನ ಹೊಟ್ಟೆ ಉಬ್ಬಿದೆ.

ನಾನು ಹುಕ್ಕೇರಿಯಿಂದ ಮದುವೆಯಾಗಿ ಬಂದ ದಿನ ನೆನಪಿದೆಯೇ? ತವರಿನ ಸಾಮಾನು ನೋಡಲು ಬಂದ ಹೆಂಗಸರು ನನ್ನ ಕರಿ ಪೆಟ್ಟಿಗೆಯನ್ನು ತಿರುಗಿಸಿ ತಿರುಗಿಸಿ ನೋಡಿದರು. "ಇದೇನವಾ, ಮಿಕ್ಸರೇನು?" ಎಂದಳು ಒಬ್ಬಳು. "ಆಟ ಆಡೂದ್ರಿ, ಟಿವಿಗೆ ಹಚ್ಚಿ." "ಯಾರಾಡೂದು?" "ನಾನ್ರಿ." ಹೆಂಗಸರು ಪೆಟ್ಟಿಗೆ ಕೆಳಗಿಟ್ಟು ಸೀರೆ ಎಣಿಸತೊಡಗಿದರು. ಸ್ವಂತ ಪಗಾರದಲ್ಲಿ ಕೊಂಡಿದ್ದೆ, ಬಿಟ್ಟು ಬರುವ ಮಾತೇ ಇರಲಿಲ್ಲ. ಆದರೂ ಆ ಕ್ಷಣ ಅದನ್ನು ಟ್ರಂಕಿನಲ್ಲಿ ಬಚ್ಚಿಡಬೇಕಿತ್ತು ಅನ್ನಿಸಿದ್ದು ಖರೆ. ನೀವು ಮಾತ್ರ ತೂಗುಮಂಚದಲ್ಲಿ ಕೂತು ಪೆಟ್ಟಿಗೆಯನ್ನೇ ನೋಡುತ್ತಿದ್ದಿರಿ.

ಈ ಮನೆಯ ಪದ್ಧತಿ ನನಗೆ ಮೊದಲ ವಾರವೇ ತಿಳಿಯಿತು. ಸೊಸೆ ಮಾವನ ಎದುರು ಕೂರುವಂತಿಲ್ಲ, ಮಾವನ ಜೊತೆ ನೇರ ಮಾತಾಡುವಂತಿಲ್ಲ, ಏನಿದ್ದರೂ ಅತ್ತೆಯ ಮೂಲಕ. ನೀವೇನು ಕಠಿಣ ಮನುಷ್ಯರಲ್ಲ. ನಿಮ್ಮ ತಾಯಿಯ ಕಾಲದಿಂದ ನಡೆದು ಬಂದದ್ದು, ನಿಲ್ಲಿಸಬೇಕೆಂದು ಯಾರಿಗೂ ಹೊಳೆದಿರಲಿಲ್ಲ, ಅಷ್ಟೇ. ಹಾಗಾಗಿ ನಾನು ರವಿವಾರ ಮಧ್ಯಾಹ್ನ, ನೀವು ಮಲಗಿದ ಮೇಲೆ, ಅಡುಗೆಮನೆ ಬಾಗಿಲಲ್ಲಿ ಮಣೆ ಹಾಕಿಕೊಂಡು, ತಲೆ ಮೇಲೆ ಸೆರಗು ಹೊದ್ದು ಆಡುತ್ತಿದ್ದೆ. ನೀವು ಮಲಗುತ್ತಿರಲಿಲ್ಲ ಅಂತ ನನಗೇನು ಗೊತ್ತು? ಒಂದು ರವಿವಾರ ನೀವು ಅತ್ತೆಗೆ, "ಅಕಿಗೆ ಕೇಳು, ಅದು ಒಬ್ಬರ ಆಡೂದೋ, ಇಬ್ಬರಿಗೂ ಬರ್ತೈತೋ" ಎಂದಿರಿ.

ಬರುತ್ತಿತ್ತು. ಗೋಕಾಕದಿಂದ ಕೈಯಲ್ಲಿ ಹಿಡಿದು ಒತ್ತುವ ಎರಡನೇ ಕಂಟ್ರೋಲರ್ ಬಂತು, ಜೊತೆಗೆ ಇಬ್ಬರೇ ಆಡಬೇಕಾದ ಆ ಆಟದ ಡಿಸ್ಕು. ಇಬ್ಬರು ಹಮಾಲರು ಒಂದು ದೊಡ್ಡ ಗಂಟೆಯನ್ನು ದಂಡಿಗೆಗೆ ಕಟ್ಟಿ, ಹೆಗಲ ಮೇಲೆ ಹೊತ್ತು ಬೆಟ್ಟದ ತುದಿಗೆ ಮುಟ್ಟಿಸಬೇಕು. ದಾರಿಯಲ್ಲಿ ಗಂಟೆ ಎಲ್ಲಾದರೂ ತಾಗಿತೋ, ತೋಳಗಳು ಎದ್ದು ಬರುತ್ತವೆ. ಎರಡನೇ ಆಟಗಾರನ ಜಾಗದಲ್ಲಿ ನಾನು ನಿಮ್ಮ ಹೆಸರು ಟೈಪ್ ಹೊಡೆದೆ. ಬಾಯಿಂದ ಹೇಳುವಂತಿಲ್ಲದ ಹೆಸರನ್ನು ಬೆರಳಿಂದ ಹೊಡೆಯಬಹುದೋ ಇಲ್ಲವೋ ಎಂದು ಯಾರನ್ನೂ ಕೇಳಲಿಲ್ಲ.

ಆ ದಿನಗಳನ್ನು ನೆನೆದರೆ ಈಗಲೂ ಬಸ್ಸಿನಲ್ಲಿ ಒಬ್ಬಳೇ ನಗುತ್ತೇನೆ. ನೀವು ತೂಗುಮಂಚದಲ್ಲಿ, ನಾನು ಅಡುಗೆಮನೆ ಬಾಗಿಲಲ್ಲಿ, ನಡುವೆ ಅತ್ತೆ ಮೊರದಲ್ಲಿ ಜೋಳ ಹಸನು ಮಾಡುತ್ತ. ನಿಮ್ಮ ದನಿಯೋ ದಲಾಲರ ದನಿ, ಬಾಜೂದವರಿಗಷ್ಟೇ ಕೇಳುವಂಥದ್ದು. ನೀವು ಅತ್ತೆಯ ಕಿವಿಯಲ್ಲಿ ಏನೋ ಅನ್ನುವುದು, ಅತ್ತೆ ಕಲ್ಲು ಆರಿಸಿ ಎಸೆದು "ಎಡಕ್ಕ ಸರೀಬೇಕಂತವಾ" ಎನ್ನುವುದು, ಅಷ್ಟರಲ್ಲಿ ಗಂಟೆ ಬಂಡೆಗೆ ಬಡಿದು ತೋಳಗಳು ನಮ್ಮಿಬ್ಬರನ್ನೂ ತಿಂದು ಮುಗಿಸಿರುವುದು. "ಅವ್ರಿಗೆ ಹೇಳ್ರಿ, ಸಾವಕಾಶ ನಡೀಬೇಕಂತ" ಎಂದು ನಾನು. "ಬರೋಬ್ಬರಿ ಅಂತ. ಚಲೋ ಆಡಾಕತ್ತಿ ಅಂತ" ಎಂದು ಅತ್ತೆ. ಅಷ್ಟು ಹೊಗಳುವ ಮಾವ ಯಾರಿಗೆ ಸಿಗುತ್ತಾರೆ ಅಂತ ನಾನು ಉಬ್ಬಿಹೋಗಿದ್ದೆ.

ಆಟದಲ್ಲಿ ಹಗ್ಗದ ಸೇತುವೆ ದಾಟಿದ ದಿನ ನಮ್ಮ ಮನೆಯಲ್ಲಿ ಏನೋ ಮುರಿಯಿತು. ನನ್ನ ಹಮಾಲನ ಕಾಲಡಿಯ ಹಲಗೆ ಜಾರಿತ್ತು, ಗಂಟೆ ಓಲಾಡುತ್ತಿತ್ತು. ಎಂದೂ ದನಿ ಎತ್ತದ ನೀವು ಎದ್ದು ನಿಂತು, "ರೂಪಾ, ಬಿಡಬ್ಯಾಡ, ನಾ ಹಿಡದೇನಿ" ಎಂದಿರಿ. ನಾನು ಬಿಡಲಿಲ್ಲ. ಸೇತುವೆ ದಾಟಿದೆವು. ಅತ್ತೆಯ ಕೈ ಮೊರದಲ್ಲೇ ನಿಂತಿತ್ತು. ನೀವು ಕೂತು, ಪಂಚೆ ಸರಿಮಾಡಿಕೊಂಡು, ಗೋಡೆ ನೋಡಿದಿರಿ. ನಾನು ಅಡುಗೆಮನೆ ಹೊಕ್ಕು ಸುಮ್ಮನೆ ಒಂದು ಚೆಂಬು ನೀರು ಕುಡಿದೆ. ಮರುದಿನ ಚಹಾ ತಂದಾಗ ನೀವು ನನಗೇ, "ಕುಂದ್ರು. ಇವತ್ತ ಏನ ಸುದ್ದಿ?" ಎಂದಿರಿ. "ನನ್ನ ಕೆಲಸ ಹೋತು" ಎಂದು ಅತ್ತೆ ಒಳಗಿನಿಂದ ಗೊಣಗಿದ್ದು ನಿಮಗೂ ಕೇಳಿಸಿತ್ತಲ್ಲ?

ಆಮೇಲಿನ ಸಂಜೆಗಳ ವಾದ ಒಂದೇ ಎರಡೇ... ಕೊಳ್ಳುವ ಮುಂಚೆ ಆಡಿ ನೋಡಲು ಈಗ ಕಂಪನಿಗಳು ಡೆಮೊ ಕೊಡುವುದೇ ಕಡಿಮೆ ಎಂದಾಗ ನಿಮಗೆ ನಂಬಿಕೆ ಬರಲಿಲ್ಲ. "ಬೆಲ್ಲದ ಪೆಂಟಿ ಒಡದು ಚೂರ ಬಾಯಾಗ ಹಾಕ್ಕೊಳ್ಳಾರದ ಯಾಂವರ ಹರಾಜಿನ್ಯಾಗ ಸವಾಲ ಹಿಡೀತಾನೇನು?" ಎಂದಿರಿ. ಇನ್ನೂ ತಯಾರಾಗದ ಆಟಕ್ಕೆ ಜನ ಮುಂಗಡ ಕೊಡುತ್ತಾರೆ ಎಂದಾಗ ಬಿದ್ದು ಬಿದ್ದು ನಕ್ಕಿರಿ. ಡಿಸ್ಕಿಲ್ಲದೆ ಬರೀ ಡೌನ್‌ಲೋಡ್ ಮಾಡಿಕೊಳ್ಳುವ ಆಟಗಳ ಬಗ್ಗೆ ಮಾತ್ರ ನಿಮ್ಮದು ಕೊನೆಯ ತೀರ್ಪು: "ಅದು ಲಾವಣಿಗೆ ಹಿಡದ ಮಂದಿ ಹೊಲ. ಬಿತ್ತೂದು ನೀ, ಬಿಡು ಅಂದ ದಿನಾ ಬಿಡಬೇಕು." ನಾನು ವಾದ ಹಾಕುತ್ತಿದ್ದೆ. ಲಾವಣಿಯ ಮೇಲೆ ಹತ್ತಾರು ಆಟದ ರುಚಿ ನೋಡಬಹುದು, ಸಣ್ಣ ಮಂದಿ ಮಾಡಿದ ಸಣ್ಣ ಆಟಗಳು ನಮ್ಮ ಮೂಡಲಗಿಯವರೆಗೂ ಬರುವುದು ಅದೇ ದಾರಿಯಿಂದ ಎನ್ನುತ್ತಿದ್ದೆ. ಆದರೆ ಒಳ್ಳೆಯ ಆಟ ಮಾಡಿ ಗೆಲ್ಲಿಸಿದ ಕೆಲಸಗಾರರನ್ನೇ ಕಂಪನಿ ಮನೆಗೆ ಕಳಿಸಿದ ಸುದ್ದಿ ಓದಿದ ದಿನ ನಾವಿಬ್ಬರೂ ಒಂದೇ ಪಕ್ಷ. "ಸುಗ್ಗಿ ಚಲೋ ಆದ ವರ್ಷ ಯಾಂವರ ಆಳ ಬಿಡಸ್ತಾನೇನು?" ಎಂದು ನೀವು ಚಹಾ ಅಲ್ಲೇ ಬಿಟ್ಟಿರಿ.

ಈಗ ಹೊಸ ಪೇಟೆಯ ವರದಿ ಕೇಳಿ. ಲೋಕವೆಲ್ಲ ಕಾಯುತ್ತಿದ್ದ ಆ ದೊಡ್ಡ ಆಟದ ಬಿಡುಗಡೆ ಮತ್ತೆ ಮುಂದಕ್ಕೆ ಹೋಯಿತು. ಆಟದ ಪೆಟ್ಟಿಗೆಗಳು, ಅವೇ ಕನ್ಸೋಲುಗಳು, ಹಳೆಯವಾದಂತೆ ಬೆಲೆ ಇಳಿಯಬೇಕಲ್ಲವೇ? ಏರಿದೆ. ಮತ್ತೆ, ಒಂದೇ ಮನೆಯಲ್ಲಿ ಕೂತು ಇಬ್ಬರು ಆಡುವ ಆಟಗಳು ಇನ್ನೂ ಕಡಿಮೆಯಾಗುತ್ತಿವೆ. ಕೂದಲೆಳೆಯೂ ಎದ್ದು ಕಾಣುವ ಚಿತ್ರ ಬರೆಯಲು ವರ್ಷಗಟ್ಟಲೆ ದುಡಿಯುತ್ತಾರೆ, ಪಕ್ಕದಲ್ಲಿ ಇನ್ನೊಬ್ಬರು ಕೂರಲು ಜಾಗ ಇಡುವುದಿಲ್ಲ. ಆಟದ ಅಂದಚಂದ ಆಮೇಲಿನ ಮಾತು, ಮೊದಲು ಎರಡನೇ ಕಂಟ್ರೋಲರಿಗೆ ಕೆಲಸ ಕೊಡಿ ಅಂತ ನನ್ನ ವಾದ. ಈ ವಾದ ಮಾಡಲು ಈಗ ಮನೆಯಲ್ಲಿ ಯಾರಿದ್ದಾರೆ, ಹೇಳಿ?

ನೀವು ಚಹಾ ಕುಡಿದು, ಬಸಿ ಕೆಳಗಿಟ್ಟು, ಹಾಗೇ ಒರಗಿದ ಆ ಬೆಳಿಗ್ಗೆ ನಮ್ಮ ಗಂಟೆ ಬೆಟ್ಟದ ಕೊನೆಯ ಏರಿನ ಕೆಳಗಿತ್ತು. ಆಮೇಲೆ ನಾನು ಆ ಆಟ ತೆರೆಯಲಿಲ್ಲ. ತೆರೆದರೆ ನಿಮ್ಮ ಹೆಸರಿನ ಜಾಗದಲ್ಲಿ ಇನ್ನೊಬ್ಬರನ್ನು ಕೂರಿಸಬೇಕು. ಬೇರೆ ಆಟ ಆಡಿದೆ, ಒಬ್ಬಳೇ, ಚೆನ್ನಾಗಿಯೇ ಆಡಿದೆ. ಅತ್ತರೆ ಅತ್ತೆಗೆ ಕಾಣಬಾರದೆಂದು ತೋಳ ಬರುವ ಆಟವನ್ನೆಲ್ಲ ದೂರವಿಟ್ಟೆ.

ಮೊನ್ನೆ ನಿಮ್ಮ ಮಗ ಗೋಕಾಕಕ್ಕೆ ಹೋದವರು ಖುಷಿಯಿಂದ ಬಂದರು. ಅಲ್ಲಿಯ ಅಂಗಡಿಯವನು ಹಳೆಯ ಕನ್ಸೋಲ್ ತೆಗೆದುಕೊಂಡು ಹೊಸದು ಕೊಡುತ್ತಾನಂತೆ, ರವಿವಾರ ಕೊಟ್ಟು ಬರೋಣ ಎಂದರು. ಪಾಪ, ನನ್ನ ಮುಖ ನಗಲಿ ಅಂತ. ಆದರೆ ಹೊಸದಕ್ಕೆ ಡಿಸ್ಕ್ ಹಾಕುವ ಬಾಯೇ ಇಲ್ಲ. ನಮ್ಮ ಆಟ ಅದರಲ್ಲಿ ಓಡುವುದಿಲ್ಲ. ನೀವು ಹೊತ್ತು ತಂದ ಗಂಟೆ ಅಲ್ಲೇ ಏರಿನ ಕೆಳಗೆ ಕೂತುಬಿಡುತ್ತದೆ.

ಅತ್ತೆ ರೊಟ್ಟಿ ತಟ್ಟುವುದನ್ನು ನಿಲ್ಲಿಸಿ ಹೊರಗೆ ಬಂದರು. "ಕೊಡೂಕಿಂತ ಮೊದಲ ಆ ಗಂಟಿ ಮ್ಯಾಲ ಮುಟ್ಟಬೇಕು" ಎಂದರು. "ಯಾರ ಜೋಡಿ ಆಡ್ಲೆರಿ ಅತ್ತಿ?" ಎಂದೆ. "ನಾ ಏನ ಅಷ್ಟ ದಿನಾ ಸುಮ್ನ ಕುಂತಿದ್ನೇನು?" ಎಂದು ಹಿಟ್ಟಿನ ಕೈ ತೊಳೆದು, ತೂಗುಮಂಚದಲ್ಲಿ ಕೂತು, ನಿಮ್ಮ ಕಂಟ್ರೋಲರ್ ಎತ್ತಿಕೊಂಡರು. ನಾನು ಈ ಸಲ ಬಾಗಿಲಲ್ಲಿ ಅಲ್ಲ, ಅವರ ಬಾಜೂಕ್ಕೇ ಕೂತೆ.

ಶುರುವಿನಲ್ಲಿ ತೋಳಗಳಿಗೆ ಹಬ್ಬ. ಅತ್ತೆಗೆ ದಾರಿಯೆಲ್ಲ ಗೊತ್ತು, ಬೆರಳಿಗೆ ಮಾತ್ರ ಗೊತ್ತಿಲ್ಲ. ನಾನು ತಪ್ಪಿದಾಗ, "ಕಣ್ಣ ಎಲ್ಲಿಟ್ಟಿ? ನಿನ್ನಂಥಾಕಿ ಜೋಡಿ ಹೊರೂಕಿಂತ ಕತ್ತೆ ವಾಸಿ" ಎಂದರು. ಮಾವನವರು ಒಂದು ದಿನವೂ ಹೀಗೆ ಬೈಯಲಿಲ್ಲ ಎಂದು ನಾನು ಮುನಿಸಿಕೊಂಡೆ. ಅತ್ತೆ ಕಂಟ್ರೋಲರ್ ಕೆಳಗಿಟ್ಟು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ಹುಚ್ಚಿ, ಇದು ಅವ್ರ ಮಾತ. ಸೇತುವಿ ದಾಟೂ ತನಕ ದಿನಾ ಅಂತಿದ್ರು. ಎಲ್ಲಾ ಮುಟ್ಟಿಸಿದ್ರ ನೀ ಹುಕ್ಕೇರಿಗೆ ಹೋಗಿ ಕುಂದರ್ತಿದ್ದಿ. ಅದಕ್ಕ ನಾನ ಚಲೋ ಆಡಾಕತ್ತಿ ಅಂತ ಹೇಳತಿದ್ನಿ." ನನ್ನ ಮಾತುಗಳನ್ನೂ ಅಷ್ಟೇ, ಹಸನು ಮಾಡಿಯೇ ನಿಮಗೆ ಮುಟ್ಟಿಸಿದ್ದಾರೆ. ನಮ್ಮಿಬ್ಬರ ಸ್ನೇಹ ಯಾರ ಕೈಕೆಲಸ ಅಂತ ಈಗಲಾದರೂ ತಿಳಿಯಿತೇ ನಿಮಗೆ?

ಇವತ್ತು ರವಿವಾರ ಮಧ್ಯಾಹ್ನ ಮುಟ್ಟಿದೆವು, ಮಾವ. ತುದಿಯಲ್ಲಿ ಎರಡು ಕಲ್ಲಿನ ಕಂಬ, ನಡುವೆ ಗಂಟೆ ಏರಿತು. ಪರದೆಯ ಮೇಲೆ ಇಂಗ್ಲಿಷಿನಲ್ಲಿ ಒಂದು ಸಾಲು ಬಂತು. "ಏನ ಬರದೈತಿ?" ಎಂದರು ಅತ್ತೆ. ನಿಮ್ಮ ಹೆಸರು ಬರೆದು, ನೀವೇ ಬಾರಿಸಬೇಕು ಅಂತ ಬರೆದಿತ್ತು. ಆ ಹೆಸರು ನಾನೂ ಹೇಳುವಂತಿಲ್ಲ, ಅವರೂ ಹೇಳುವಂತಿಲ್ಲ. "ಮಾವಾರ ಬಾರಿಸ್ಬೇಕಂತರಿ" ಎಂದೆ. ಅತ್ತೆ ಸೆರಗು ತಲೆಮೇಲೆ ಎಳೆದುಕೊಂಡು, ನಿಮ್ಮ ಕಂಟ್ರೋಲರಿನ ಗುಂಡಿ ಹೆಬ್ಬೆರಳಿಂದ ಒತ್ತಿದರು.

ಇಷ್ಟು ದಿನ ಬಂಡೆಗೆ ಬಡಿದಾಗ ಕೇಳುತ್ತಿದ್ದ ಆ ಒಡಕು ಸದ್ದಲ್ಲ ಅದು. ತಾಮ್ರದ ಕೊಡಕ್ಕೆ ಬಳೆ ತಾಗಿದಂತೆ ತೆಳ್ಳಗೆ ಎದ್ದು, ತುಂಬಾ ಹೊತ್ತು ನಿಂತಿತು. ತೋಳ ಒಂದೂ ಬರಲಿಲ್ಲ. ನಿಮ್ಮ ಮಗ ಸದ್ದು ಕೇಳಿ ಮನೆಯ ಮುಂದಿನ ನಮ್ಮ ಅಂಗಡಿಯಿಂದ ಓಡಿ ಬಂದು, ನಮ್ಮನ್ನು ನೋಡಿ, ಗೋಕಾಕಕ್ಕೆ ಹೋಗುವುದು ಬೇಡ ಬಿಡ್ರಿ ಎಂದು ತಿರುಗಿ ಹೋದರು. ಹಳೆಯ ಪೆಟ್ಟಿಗೆ ಇಲ್ಲೇ ಇರುತ್ತದೆ, ಅದು ನನ್ನ ಮಾತು. "ಮತ್ತ ಒತ್ತಿದ್ರ ಮತ್ತ ಬಾರಸ್ತೈತೇನು?" ಎಂದು ಅತ್ತೆ ಕೇಳಿದರು. ಹೌದ್ರಿ ಎಂದೆ. ನಾನು ಒಳಗೆ ಕೂತು ಈ ಸಾಲು ಬರೆಯುವಾಗಲೂ ಪಡಸಾಲೆಯಲ್ಲಿ ಬಾರಿಸುತ್ತಲೇ ಇದ್ದಾರೆ. ಸಪ್ಪಳ ಕಡಿಮೆ ಮಾಡಿ ಅಂತ ನಾನು ಹೇಳಲಿಲ್ಲ.

ನಿಮ್ಮ ಸೊಸೆ,
ರೂಪಾ