ಎಪ್ಪತ್ತೊಂದನೇ ಮನೆಯ ತಾಳ

ಬೈಂಡಿಂಗ್ ಅಂಗಡಿಯ ಹಿಂದಿನ ಕೋಣೆ,
ಗುರುವಾರ, ಹನ್ನೊಂದನೇ ತಾರೀಖು, ಮಧ್ಯಾಹ್ನ

ಪ್ರೀತಿಯ ಅಕ್ಕನಿಗೆ,

ಹೇಗಿದ್ದೀಯ? ಮಂಡಿ ನೋವು ಇಳಿಯಿತೆ? ಆ ಹಾಸ್ಟೆಲ್ಲಿನ ಕೆಲಸದಲ್ಲಿ ಮೆಟ್ಟಿಲನ್ನು ದಿನಕ್ಕೆ ಎಷ್ಟು ಸಲ ಹತ್ತಿ ಇಳಿಯುತ್ತೀಯೆಂದು ಎಣಿಸಿದ್ದೀಯಾ? ನಾನಾಗಿದ್ದರೆ ಎಣಿಸುತ್ತಿದ್ದೆ. ಬಿ.ಪಿ. ಮಾತ್ರೆ ಬೆಳಿಗ್ಗೆ ಮರೆತರೆ ಸಂಜೆ ಎರಡನ್ನೂ ಒಟ್ಟಿಗೆ ನುಂಗಬೇಡ, ಹಾಗೆ ನುಂಗಿದವರೊಬ್ಬರ ಕಥೆ ನಮ್ಮ ಔಷಧಿ ಅಂಗಡಿಯವರು ಹೇಳಿದಾಗಿನಿಂದ ನನಗೆ ಸಮಾಧಾನವೇ ಇಲ್ಲ. ಭಾವನ ಕೆಮ್ಮು ಎರಡು ವಾರ ದಾಟಿದ್ದರೆ ಎದೆಯ ಫೋಟೋ ತೆಗೆಸಿ. ನಿಮ್ಮ ಸ್ನಾನದ ಮನೆಯ ನೆಲ ಜಾರುತ್ತದೆಂದು ಬರೆದಿದ್ದೆಯಲ್ಲ, ಅಂದಿನಿಂದ ನೀನು ಬಿದ್ದ ಹಾಗೆ ಎರಡು ಸಲ ಕನಸು ಬಿತ್ತು. ನಿಜವಾಗಿ ಬಿದ್ದಿದ್ದರೆ ಮುಚ್ಚಿಡಬೇಡ. ನಾನು ಚೆನ್ನಾಗಿದ್ದೇನೆ. ಹೊಟ್ಟೆ ಸ್ವಲ್ಪ ಸರಿಯಿಲ್ಲ, ಆದರೆ ಅದು ಯಾವತ್ತು ಸರಿಯಿತ್ತು?

ನಿನ್ನ ಕಾಗದ ಸೋಮವಾರ ಬಂತು. ಎದುರುಮನೆ ಟೈಲರಮ್ಮ ಫೋನು ಮಾಡಿ ಎಲ್ಲ ಹೇಳಿದಳಂತೆ. ‘ಆದದ್ದು ಆಯ್ತು, ಅವರು ಕಳಿಸೋದಕ್ಕೆ ಮೊದಲು ಮರ್ಯಾದೆಯಿಂದ ನೀನೇ ಬ್ಯಾಂಡು ಬಿಟ್ಟುಬಿಡು’ ಅಂತ ಬರೆದಿದ್ದೀಯ. ಅಕ್ಕ, ಇಪ್ಪತ್ತೊಂದನೇ ತಾರೀಖು ಭಾನುವಾರ ಗ್ರಂಥಾಲಯದ ಸಭಾಂಗಣದಲ್ಲಿ ಅದೇ ಸಂಗೀತವನ್ನು ಮತ್ತೆ ನುಡಿಸುತ್ತೇವೆ. ಅವತ್ತು ನಾನು ವೇದಿಕೆಯ ಮೇಲಿರುತ್ತೇನೋ ಇಲ್ಲವೋ ಎಂಬುದೇ ಈಗಿನ ಪ್ರಶ್ನೆ. ಫೋನಿನಲ್ಲಿ ಹೇಳೋಣವೆಂದರೆ ನೀನು ನನಗೆ ಮಾತು ಮುಗಿಸಲು ಬಿಡುವುದಿಲ್ಲ, ನಾನು ‘ಹೂಂ, ಹೂಂ’ ಅಂದು ಇಟ್ಟುಬಿಡುತ್ತೇನೆ. ಅದಕ್ಕೇ ಬರೆಯುತ್ತಿದ್ದೇನೆ. ಆರನೇ ಕ್ಲಾಸಿಗೆ ನಿಂತವನ ಬರವಣಿಗೆ, ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಂಡು ಓದು. ಮಧ್ಯದಲ್ಲಿ ಎದ್ದು ಹೋಗಬೇಡ.

ಹೋದ ತಿಂಗಳ ಕಡೇ ಭಾನುವಾರದ ಕಾರ್ಯಕ್ರಮದಲ್ಲಿ ಟೈಲರಮ್ಮ ಕೊನೆಯ ಸಾಲಿನಲ್ಲಿದ್ದಳು. ಅವಳು ಕಂಡದ್ದು ಅರ್ಧ. ಪೂರ್ತಿ ನಾನು ಹೇಳುತ್ತೇನೆ, ಕೇಳು. ನನ್ನ ಕೆಲಸ ನಿನಗೆ ಗೊತ್ತೇ ಇದೆ, ಊಟದ ತಟ್ಟೆಗಿಂತ ದೊಡ್ಡ ಎರಡು ಹಿತ್ತಾಳೆ ತಾಳ. ಆ ಸಂಗೀತ ಹದಿನಾಲ್ಕು ನಿಮಿಷದ್ದು. ಅಷ್ಟರಲ್ಲಿ ನನಗಿರುವುದು ಒಂದೇ ಒಂದು ಹೊಡೆತ. ಸಂಗೀತ ಬರೆದ ಹಾಳೆಯಲ್ಲಿ ಗೆರೆ ಎಳೆದು ಮನೆಗಳನ್ನು ಮಾಡಿರುತ್ತಾರೆ, ಒಂದೊಂದು ಮನೆಗೆ ನಾಲ್ಕು ಎಣಿಕೆ. ನೂರಹದಿನೆಂಟು ಮನೆಗಳನ್ನು ಬಾಯಿ ಮುಚ್ಚಿಕೊಂಡು ದಾಟಬೇಕು, ನೂರಹತ್ತೊಂಬತ್ತನೆಯದರಲ್ಲಿ ಎದ್ದು ನಿಂತು ಹೊಡೆಯಬೇಕು. ಉಳಿದವರು ನುಡಿಸುತ್ತಾ ದಾರಿ ಹಿಡಿಯುತ್ತಾರೆ, ನನಗೆ ಅದೂ ಇಲ್ಲ. ಬೂಟಿನೊಳಗೆ ಕಾಲ್ಬೆರಳು ಮಡಚುತ್ತಾ ಎಣಿಸುತ್ತೇನೆ. ದಿನವಿಡೀ ಹಾಳೆ ಎಣಿಸಿ ಮಡಚುವವನಿಗೆ ಇದೇನು ಮಹಾ ಅನ್ನಬಹುದು. ಹಾಳೆ ಎಣಿಸುವಾಗ ನಾಲ್ಕುನೂರು ಜನ ನನ್ನ ಮುಖ ನೋಡುತ್ತಿರುವುದಿಲ್ಲ.

ಅದಕ್ಕೇ ನನ್ನ ಪಕ್ಕದ ಟ್ಯಾಂಕರ್ ಜೊತೆ ಒಂದು ಒಪ್ಪಂದ. ಟ್ಯಾಂಕರ್ ಅಂದರೆ ಮೈಗೆಲ್ಲ ಸುತ್ತಿಕೊಂಡಂತಿರುವ ಆ ದೊಡ್ಡ ಕೊಂಬು ಊದುವವನು, ಬಸ್ ಡಿಪೋದಲ್ಲಿ ಮೆಕ್ಯಾನಿಕ್ಕು. ನನ್ನ ಹೊಡೆತಕ್ಕೆ ಎರಡು ಮನೆ ಬಾಕಿ ಇರುವಾಗ ಅವನು ಹುಬ್ಬೇರಿಸಬೇಕು. ಬಾಯಲ್ಲಿ ಕೊಂಬು, ಕೈಯಲ್ಲಿ ಕೊಂಬು, ಬಿಡುವಾಗಿರುವುದು ಅವನ ಹುಬ್ಬೊಂದೇ. ಆರು ವರ್ಷ ಆ ಹುಬ್ಬು ನನಗೆ ಮೋಸ ಮಾಡಿರಲಿಲ್ಲ.

ಅವತ್ತು ಅರುವತ್ತನಾಲ್ಕನೇ ಮನೆಯವರೆಗೆ ಸರಿಯಾಗಿ ಬಂದೆ. ಆಗ ತಟ್ಟನೆ ತಲೆಗೆ ಹೊಕ್ಕಿತು, ಅಂಗಡಿಯಲ್ಲಿ ಗೋಂದು ಕಾಯಿಸುವ ಒಲೆ ಆರಿಸಿದೆನೋ ಇಲ್ಲವೋ! ಆರಿಸಿದ್ದು ನೆನಪಿದೆ, ಆದರೆ ಅದು ಶನಿವಾರದ ನೆನಪೋ ಶುಕ್ರವಾರದ್ದೋ? ಕಾಗದದ ಅಂಗಡಿ ಅಕ್ಕ, ಒಂದು ಕಿಡಿ ಸಾಕು. ಬೆಂಕಿಯಿಂದ ವಾಪಸು ಬರುವಷ್ಟರಲ್ಲಿ ನನ್ನ ಎಣಿಕೆ ಎಲ್ಲೋ ಬಿದ್ದುಹೋಗಿತ್ತು. ಎಪ್ಪತ್ತೋ ನೂರೋ ತಿಳಿಯದು. ಇರಲಿ, ಟ್ಯಾಂಕರ್ ಇದ್ದಾನಲ್ಲ ಎಂದು ಅವನ ಮುಖವನ್ನೇ ನೋಡುತ್ತಾ ಕೂತೆ. ಹುಬ್ಬು ಏರಿತು. ನೆತ್ತಿಯವರೆಗೆ ಏರಿತು. ನಾನು ಎರಡು ಮನೆ ಎಣಿಸಿ, ಎದ್ದು, ತಾಳ ಎತ್ತಿ, ಇದ್ದ ಬಲವನ್ನೆಲ್ಲ ಹಾಕಿ ಹೊಡೆದೆ.

ಅವನಿಗೆ ಸೀನು ಬಂದಿತ್ತು ಅಕ್ಕ. ಕೊಂಬಿನೊಳಗೆ ಸೀನಬಾರದೆಂದು ಆ ಪುಣ್ಯಾತ್ಮ ಸೀನನ್ನು ನುಂಗಿಬಿಟ್ಟಿದ್ದ. ಹೊರಗೆ ಕಂಡದ್ದು ಹುಬ್ಬು ಮಾತ್ರ.

ಅದು ಎಪ್ಪತ್ತೊಂದನೇ ಮನೆ. ಇಡೀ ಸಂಗೀತದಲ್ಲಿ ಅತಿ ಮೆಲ್ಲಗಿರುವ ಜಾಗ, ಹಲ್ಲಿನ ಡಾಕ್ಟರಮ್ಮ ಒಬ್ಬರೇ ಕೊಳಲು ನುಡಿಸುವುದು. ಅವರ ಕೊಳಲು ಬಾಲ ತುಳಿಸಿಕೊಂಡ ಬೆಕ್ಕಿನಂತೆ ಕಿರುಚಿತು. ಮುಂದಿನ ಸಾಲಿನ ಅಜ್ಜಿಯೊಬ್ಬರ ಕೈಚೀಲ ಬಿದ್ದು ಅದರೊಳಗಿನ ಪುಟ್ಟ ಡಬ್ಬಿಗಳೆಲ್ಲ ಉರುಳಿದವು. ಸಂಗೀತ ಮುಗಿಯಿತೆಂದು ಯಾರೋ ಚಪ್ಪಾಳೆ ತಟ್ಟಿದರು, ಅವರನ್ನು ನೋಡಿ ಅರ್ಧ ಸಭೆ ತಟ್ಟಿತು. ಅಷ್ಟರಲ್ಲಿ ನಮ್ಮ ಕಾರ್ಯದರ್ಶಿ, ಅದೇ ಔಷಧಿ ಅಂಗಡಿಯವರು, ಕೊನೆಯಲ್ಲಿ ನಮ್ಮನ್ನು ನುಡಿಸುವ ಬ್ಯಾಂಡ್ ಮೇಷ್ಟ್ರಿಗೆ ಕೊಡಲೆಂದು ಪಕ್ಕದಲ್ಲಿ ಹೂಗುಚ್ಛ ಹಿಡಿದು ಕಾದಿದ್ದವರು, ನಗುತ್ತಾ ವೇದಿಕೆ ಹತ್ತಿಯೇಬಿಟ್ಟರು. ಮೇಷ್ಟ್ರು ಕೋಲು ನಿಲ್ಲಿಸಲಿಲ್ಲ. ಸಂಗೀತ ಮುಂದೆ ಹೋಯಿತು. ಔಷಧಿ ಅಂಗಡಿಯವರಿಗೆ ಇಳಿಯಲೂ ಆಗದು, ಕೊಡಲೂ ಆಗದು. ಆರು ನಿಮಿಷ ಅಲ್ಲೇ, ಮದುಮಗನ ಹಾಗೆ ಹೂ ಹಿಡಿದು ನಿಂತಿದ್ದರು. ಬರೆಯುವಾಗ ನಗು ಬರುತ್ತಿದೆ, ಅವತ್ತು ಪ್ರಾಣ ಹೋಗಿತ್ತು.

ಟೈಲರಮ್ಮ ನಿನಗೆ ಇಷ್ಟನ್ನೇ ಹೇಳಿರುತ್ತಾಳೆ. ಅವಳಿಗೆ ಕಾಣದ ತಪ್ಪು ಇನ್ನೊಂದಿದೆ. ನನ್ನನ್ನು ಈ ಹನ್ನೊಂದು ದಿನ ನಿದ್ದೆಗೆಡಿಸಿದ್ದು ಅದು. ನಿಜವಾದ ನೂರಹತ್ತೊಂಬತ್ತನೇ ಮನೆ ಬಂತು. ಟ್ಯಾಂಕರ್ ಈ ಸಲ ಹುಬ್ಬನ್ನು ಎರಡೆರಡು ಸಲ ಏರಿಸಿದ. ಮೇಷ್ಟ್ರು ನನ್ನ ಕಡೆಗೇ ಕೈ ಚಾಚಿದರು, ಇಡೀ ಬ್ಯಾಂಡು ಉಬ್ಬಿ ಉಬ್ಬಿ ನನ್ನ ಹೊಡೆತಕ್ಕೆ ಬಂದು ನಿಂತಿತು. ನಾನು ತಾಳಗಳನ್ನು ಮಂಡಿಗಳ ನಡುವೆ ಒತ್ತಿ ಹಿಡಿದು, ತಲೆ ತಗ್ಗಿಸಿ ಕೂತುಬಿಟ್ಟೆ. ಹೊಡೆಯಲಿಲ್ಲ. ಹೊಡೆತ ಇರಬೇಕಾದ ಕಡೆ ಒಂದು ಗುಂಡಿ ಬಿತ್ತು. ನಲವತ್ತು ಜನ ಕಟ್ಟಿದ್ದನ್ನು ನಾನೊಬ್ಬ ಕೆಡವಿದೆ. ಎಪ್ಪತ್ತೊಂದನೇ ಮನೆಯದು ಸೀನಿನ ತಪ್ಪು, ಹುಬ್ಬಿನ ತಪ್ಪು, ಗೋಂದಿನ ಒಲೆಯ ತಪ್ಪು ಅನ್ನು. ಇದು ಮಾತ್ರ ನನ್ನದೇ. ನಾಚಿಕೆಪಟ್ಟು ಸುಮ್ಮನಾದದ್ದು.

ಅವತ್ತು ಸಾಮಾನು ಕಟ್ಟುವಾಗ ಎಲ್ಲರೂ ಬಂದು ತಮ್ಮ ತಮ್ಮ ಹಳೆಯ ಅವಮಾನಗಳನ್ನು ನನ್ನ ಮುಂದೆ ಸುರಿದರು. ಡಾಕ್ಟರಮ್ಮ ಒಂದು ಸಲ ಒಂದು ಪುಟ ಪೂರ್ತಿ ಬೇರೆ ಯಾವುದೋ ಸಂಗೀತ ನುಡಿಸಿದ್ದರಂತೆ. ‘ಪಕ್ಕದವರೆಲ್ಲ ತಪ್ಪು ನುಡಿಸ್ತಿದಾರೆ ಅಂತ ನಾನು ಇನ್ನೂ ಜೋರಾಗಿ ನುಡಿಸಿದೆ ಕಣಪ್ಪ’ ಅಂದರು. ಟ್ರಂಪೆಟ್ಟಿನ ಪೋಸ್ಟ್‌ಮ್ಯಾನ್ ಜೋರಾಗಿ ಊದಿದ ಭರಕ್ಕೆ ಬಾಯಿಗಿಡುವ ತುಂಡೇ ಹಾರಿ ಎರಡನೇ ಸಾಲಿನವರ ಮಡಿಲಿಗೆ ಬಿದ್ದಿತ್ತಂತೆ, ಅವರು ಎದ್ದು ಬಂದು ಕೊಟ್ಟುಹೋದರಂತೆ. ‘ಆರ್ಡಿನರಿ ಟಪಾಲು ಕೂಡಾ ಅಷ್ಟು ಬೇಗ ವಾಪಸ್ ಬರಲ್ಲ’ ಅಂದ. ಟ್ಯಾಂಕರ್ ಮಾತ್ರ ನನ್ನ ಪೆಟ್ಟಿಗೆಯನ್ನೂ ಹೊತ್ತುಕೊಂಡು ಮನೆಯವರೆಗೆ ಬಂದ. ಬಾಗಿಲಲ್ಲಿ ‘ಲೋ ಗಾಬರಿ, ಇನ್ನು ಮೇಲೆ ಸೀನು ಬಂದ್ರೆ ಸೀನಿಬಿಡ್ತೀನಿ, ಕೊಂಬು ತುಂಬ ಆದ್ರೂ ಆಗ್ಲಿ’ ಅಂದ. ಹೌದು, ಇಲ್ಲಿ ನನ್ನ ಹೆಸರು ಗಾಬರಿ. ನಿನಗೆ ಹೇಳಿರಲಿಲ್ಲ, ಬೇಜಾರು ಮಾಡಿಕೊಳ್ಳುತ್ತೀಯೆಂದು.

ಮಂಗಳವಾರ ಸಭೆ ಸೇರಿದರು. ಔಷಧಿ ಅಂಗಡಿಯವರು ಒಂದು ಪುಟ್ಟ ಯಂತ್ರ ತಂದಿದ್ದರು. ಅದರಲ್ಲಿ ತಾಳದ ಸದ್ದು ತುಂಬಿದೆಯಂತೆ, ಹೊತ್ತಿಗೆ ಸರಿಯಾಗಿ ಅವರು ಗುಂಡಿ ಒತ್ತುತ್ತಾರಂತೆ. ನನ್ನ ತಾಳಗಳಿಗೆ ಒಳಗಡೆ ಬಟ್ಟೆ ಅಂಟಿಸಿಕೊಂಡು ನಾನು ಸುಮ್ಮನೆ ಹೊಡೆದ ಹಾಗೆ ಮಾಡಬೇಕು. ‘ಕೈ ಆಡಿಸಿದ್ರೆ ಸಾಕಪ್ಪ, ನಿನಗೂ ಟೆನ್ಶನ್ ಇಲ್ಲ, ನಮಗೂ ಇಲ್ಲ’ ಅಂದರು. ಒಳ್ಳೆಯ ಮನಸ್ಸಿನಿಂದಲೇ ಅಂದರು. ಒಲ್ಲೆನೆಂದರೆ ಬಿಟ್ಟು ಹೋಗಬಹುದು ಎಂದೂ ಸೇರಿಸಿದರು.

ಎದ್ದು ನಿಂತೆ ಅಕ್ಕ. ‘ಆಗಲ್ಲ ಸಾರ್’ ಅಂದೆ. ಇನ್ನೊಂದು ಸಲ, ಜೋರಾಗಿ ಅಂದೆ. ‘ನಾನು ಹೊಡೆದರೆ ತಪ್ಪಾಗಬಹುದು ಸಾರ್. ಆಗೋದೇ ಜಾಸ್ತಿ ಅಂತಲೇ ಇಟ್ಕೊಳ್ಳಿ. ಆದ್ರೆ ಹೊಡೆದ ಹಾಗೆ ಮಾಡಲ್ಲ. ಬಟ್ಟೆ ಅಂಟಿಸೋದಾದ್ರೆ ಎಲ್ಲರ ಬಾಯಿಗೂ ಅಂಟಿಸಿ, ಎಲ್ಲರೂ ತಪ್ಪು ಮಾಡಿದೋರೇ.’ ಔಷಧಿ ಅಂಗಡಿಯವರು ಕೆಂಪಾಗಿ, ‘ಹೂವು ಹಿಡ್ಕೊಂಡು ನಿಂತಿದ್ದು ನಾನಪ್ಪಾ, ನೀನಲ್ಲ’ ಅಂದರು. ಯಾರೋ ಹಿಂದೆ ನಕ್ಕರು. ‘ಕ್ಷಮಿಸಿ ಸಾರ್, ಅದಕ್ಕೆ ಎಷ್ಟು ಸಲ ಬೇಕಾದ್ರೂ ಕ್ಷಮೆ ಕೇಳ್ತೀನಿ, ಆದ್ರೆ ತಾಳ ಕೊಡಲ್ಲ’ ಅಂದೆ. ಇದನ್ನೆಲ್ಲ ಹೇಳಿದ್ದು ನಾನೇ, ನಂಬು. ಮೇಷ್ಟ್ರು ಹೌದೆನ್ನಲಿಲ್ಲ, ಇಲ್ಲವೆನ್ನಲಿಲ್ಲ. ‘ನಾಳೆ ಬಂದು ನನ್ನನ್ನ ನೋಡು’ ಅಂದರು. ನಿನ್ನೆ ಹೋಗಿದ್ದೆ. ಅದನ್ನು ಹೇಗೆ ಬರೆಯಬೇಕೋ ತಿಳಿಯುತ್ತಿಲ್ಲ, ಮೊದಲು ಇನ್ನೊಂದು ಮಾತು ಬರೆದುಬಿಡುತ್ತೇನೆ.

ನನ್ನ ಶಾಲೆಯ ವಾರ್ಷಿಕೋತ್ಸವದ ಮಾತು. ನಾವಿಬ್ಬರೂ ಅದನ್ನು ಎತ್ತುವುದೇ ಇಲ್ಲ. ಹತ್ತು ಜನ ಹುಡುಗರ ಸಾಲಿನಲ್ಲಿ ನಿಂತು ಹಾಡುವಾಗ, ಎಲ್ಲರಿಗಿಂತ ಮುಂಚೆ ನಾನೊಬ್ಬನೇ ‘ಆ’ ಎಂದು ಶುರುಮಾಡಿಬಿಟ್ಟೆ. ಇಡೀ ಮೈದಾನ ನಕ್ಕಿತು. ನೀನು ಜನರ ಕಾಲು ತುಳಿದುಕೊಂಡು ಓಡಿ ಬಂದು, ವೇದಿಕೆ ಹತ್ತಿ, ಕೈ ಹಿಡಿದು ನನ್ನನ್ನು ಇಳಿಸಿಕೊಂಡು ಹೋದೆ. ಆಗ ನಿನಗಾದರೂ ಎಷ್ಟು ವಯಸ್ಸು, ಹತ್ತೊಂಬತ್ತು. ಅಮ್ಮ ಹೋಗಿ ವರ್ಷ ತುಂಬಿರಲಿಲ್ಲ. ಮಾರನೇ ದಿನ ಹೊಟ್ಟೆನೋವು ಅಂದೆ, ‘ಹೋಗ್ಬೇಡ ಬಿಡು’ ಅಂದೆ ನೀನು. ಅದರ ಮಾರನೇ ದಿನವೂ ನಾನು ಅದನ್ನೇ ಅಂದೆ. ನೀನು ಒಂದು ದಿನವೂ ಬೈಯಲಿಲ್ಲ, ಗದರಿಸಲಿಲ್ಲ. ಹಾಗೇ ಶಾಲೆ ಮುಗಿಯಿತು, ಬೈಂಡಿಂಗ್ ಅಂಗಡಿ ಶುರುವಾಯಿತು. ನಿನ್ನನ್ನು ದೂರುತ್ತಿಲ್ಲ, ದೇವರಾಣೆ. ಅವತ್ತು ಆ ಕೈ ಬರದಿದ್ದರೆ ನಾನು ಅಲ್ಲೇ ಕರಗಿಹೋಗುತ್ತಿದ್ದೆ ಎಂದೇ ಇಷ್ಟು ವರ್ಷ ನಂಬಿದ್ದೆ. ಆದರೆ ತಾಳವನ್ನು ಮಂಡಿಯಲ್ಲಿ ಒತ್ತಿ ಕೂತ ಆ ಭಾನುವಾರದಿಂದ ಒಂದು ಸಂಗತಿ ನೆನಪಾಗಿದೆ, ಬಿಟ್ಟು ಹೋಗುತ್ತಿಲ್ಲ. ನೀನು ಕೈ ಹಿಡಿದು ಎಳೆದಾಗ ನನ್ನ ಬಾಯಲ್ಲಿ ಎರಡನೇ ಸಾಲು ಇತ್ತು ಅಕ್ಕ. ಹಾಡುವವನಿದ್ದೆ.

ಗೋಂದು ಗಟ್ಟಿಯಾಗುತ್ತಿದೆ, ಯಜಮಾನರು ಎರಡು ಸಲ ಇಣುಕಿ ನೋಡಿದರು, ಏಳಬೇಕು. ಭಾವನಿಗೆ ನಮಸ್ಕಾರ ತಿಳಿಸು, ಬಿಸಿನೀರೇ ಕುಡಿಯಲು ಹೇಳು. ಸ್ನಾನದ ಮನೆಗೆ ರಬ್ಬರಿನ ಚಾಪೆ ಹಾಕಿಸು, ಇದನ್ನು ಮಾತ್ರ ನಾಳೆಗೆ ಇಡಬೇಡ. ನಿನ್ನ ಆರೋಗ್ಯ ನೋಡಿಕೋ.

ನಿನ್ನ ಪ್ರೀತಿಯ ತಮ್ಮ,
ಗಾಬರಿ
(ಇನ್ನು ನೀನೂ ಹಾಗೇ ಕರೆಯಬಹುದು)

ತಾ.ಕ.: ಲಕೋಟೆ ಅಂಟಿಸಿದವನು ಮತ್ತೆ ಬಿಚ್ಚಿದ್ದೇನೆ. ನಿನ್ನೆ ಮೇಷ್ಟ್ರು ಮೇಜಿನ ಖಾನೆಯಿಂದ ಒಂದು ಕಾಗದ ತೆಗೆದು ನನ್ನ ಮುಂದಿಟ್ಟರು. ನಿನ್ನ ಅಕ್ಷರವೆಂದು ದೂರದಿಂದಲೇ ಗೊತ್ತಾಯಿತು. ‘ಅವನು ಚಿಕ್ಕಂದಿನಿಂದಲೂ ಹೀಗೇ, ಬಿಡುತ್ತೇನೆಂದು ಹೇಳಲೂ ಹೆದರುತ್ತಾನೆ, ಅವನ ಪರವಾಗಿ ನಾನೇ ಕೇಳಿಕೊಳ್ಳುತ್ತೇನೆ, ದಯವಿಟ್ಟು ಬಿಡಿಸಿಬಿಡಿ’ ಅಂತ ಬರೆದಿದ್ದೀಯ. ಮೂರು ಸಲ ಓದಿದೆ. ಸಿಟ್ಟೂ ಬಂತು, ಅಳುವೂ ಬಂತು. ಮೇಷ್ಟ್ರು ‘ಇದಕ್ಕೆ ನಾನು ಉತ್ತರ ಬರೆಯಲ್ಲ, ನೀನೇ ಬರಿ. ನೀನೇನು ಬರೀತೀಯೋ ಅದೇ ನನ್ನ ತೀರ್ಮಾನ’ ಅಂದರು. ಬರೆಯುತ್ತಿದ್ದೇನೆ: ಬಿಡುವುದಿಲ್ಲ. ಇಪ್ಪತ್ತೊಂದಕ್ಕೆ, ಸಂಜೆ ಐದಕ್ಕೆ, ನಾನೇ ಹೊಡೆಯುತ್ತೇನೆ. ಬಾಗಿಲಲ್ಲಿ ಗಾಬರಿಯ ಅಕ್ಕ ಎಂದು ಹೇಳು, ಎರಡನೇ ಸಾಲಿನ ಸೀಟು ನಿನಗಾಗಿ ಹಿಡಿದಿಟ್ಟಿರುತ್ತಾರೆ. ಖಂಡಿತ ಬಾ. ಬಂದು, ತಾಳ ಕೈಜಾರಿ ಉರುಳಿಕೊಂಡು ನಿನ್ನ ಕಾಲಬುಡಕ್ಕೇ ಬಂದರೂ, ಸಭೆಯೆಲ್ಲ ಬಿದ್ದು ಬಿದ್ದು ನಕ್ಕರೂ, ನೀನು ಮಾತ್ರ ಕುರ್ಚಿ ಬಿಟ್ಟು ಏಳಕೂಡದು.